ಬುಡದಿಂದ ಮೇಲಕ್ಕೆ: ಸತ್ಯಜಿತ್ ರೇ ಅವರ ಕಲಿಕೆಯ ದಿನಗಳು

ಸತ್ಯಜಿತ್ ರೇ ಎಂದೊಡನೆ ನಮಗೆಲ್ಲ ನೆನಪಾಗುವುದು ಸಿನಿಮಾ. ಭಾರತೀಯ ಚಿತ್ರರಂಗದ ಹೆಸರನ್ನು ಜಗತ್ತಿಗೆ ಪರಿಚಯಿಸಿದ ಮಹನೀಯರು ಅವರು. ಆದರೆ ಕ್ಯಾಮೆರಾ ಮುಟ್ಟುವ ಮೊದಲು ಅವರು ಕೈಯಲ್ಲಿ ಹಿಡಿದದ್ದು ಪೆನ್ಸಿಲ್ ಮತ್ತು ಕುಂಚ. ಇಂದು ನಾವು ಗ್ರಾಫಿಕ್ ಡಿಸೈನ್ ಎಂದು ಕರೆಯುವ ಕೆಲಸವೇ ಅವರ ಮೊದಲ ವೃತ್ತಿ. ಮಗು ಚಿತ್ರ ಬರೆಯುತ್ತ ಕುಳಿತರೆ ಅಂಕ ಕಡಿಮೆಯಾದೀತೆಂದು ಚಿಂತಿಸುವ ಪೋಷಕರೂ, ಚಿತ್ರ ಬರೆದು ಮುಂದೆ ಏನಾಗಬಹುದೆಂದು ಯೋಚಿಸುವ ಮಕ್ಕಳೂ ಅವರ ವಿದ್ಯಾರ್ಥಿ ಜೀವನವನ್ನು ತಿಳಿದುಕೊಳ್ಳಬೇಕೆಂದು ನಮಗೆ ಅನ್ನಿಸುತ್ತದೆ.

ಸತ್ಯಜಿತ್ ಹುಟ್ಟಿದ್ದು 1921ರ ಮೇ 2ರಂದು, ಕಲ್ಕತ್ತೆಯಲ್ಲಿ. ತಾತ ಉಪೇಂದ್ರಕಿಶೋರ್ ರಾಯ್ ಚೌಧುರಿ ಅವರು ಲೇಖಕರು, ಚಿತ್ರಕಾರರು, ಮುದ್ರಣ ಕಲೆಯನ್ನು ಆಳವಾಗಿ ಬಲ್ಲವರು. ಮಕ್ಕಳಿಗಾಗಿ 1913ರಲ್ಲಿ 'ಸಂದೇಶ್' ಎಂಬ ಪತ್ರಿಕೆಯನ್ನು ಆರಂಭಿಸಿದವರು. ತಂದೆ ಸುಕುಮಾರ್ ರೇ ಬಂಗಾಳಿ ಮಕ್ಕಳ ಅಚ್ಚುಮೆಚ್ಚಿನ ನಗೆಪದ್ಯಗಳ ಕವಿ. ಇಂಥ ಮನೆಯಲ್ಲಿ ಹುಟ್ಟಿದರೂ ಸತ್ಯಜಿತ್ ಅವರ ಬಾಲ್ಯ ಸುಖದ್ದಾಗಿರಲಿಲ್ಲ. ಅವರಿಗೆ ಎರಡು ವರ್ಷ ತುಂಬಿ ಕೆಲವೇ ತಿಂಗಳಾಗಿದ್ದಾಗ, 1923ರಲ್ಲಿ, ತಂದೆ ಕಾಲಾ ಅಜಾರ್ ರೋಗದಿಂದ ತೀರಿಕೊಂಡರು. ಕೆಲವು ವರ್ಷಗಳಲ್ಲಿ ಮನೆತನದ ಮುದ್ರಣಾಲಯವೂ ಕೈಬಿಟ್ಟು ಹೋಯಿತು. ತಾಯಿ ಸುಪ್ರಭಾ ಮಗನೊಡನೆ ತಮ್ಮ ಸಹೋದರನ ಮನೆ ಸೇರಿದರು. ವಿಧವೆಯರ ಸಂಸ್ಥೆಯೊಂದರಲ್ಲಿ ಹೊಲಿಗೆ ಕಲಿಸುತ್ತ ಮಗನನ್ನು ಓದಿಸಿದರು.

ಸತ್ಯಜಿತ್ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಓದಿ ಪದವಿ ಪಡೆದರು. ಆದರೆ ಆ ವಿಷಯದಲ್ಲಿ ಅವರಿಗೆ ಮನಸ್ಸಿರಲಿಲ್ಲ. ಜಾಹೀರಾತು ಚಿತ್ರಕಾರನಾಗಿ ಬೇಗ ಒಂದು ಕೆಲಸ ಹಿಡಿಯಬೇಕು ಎಂಬುದೇ ಅವರ ಆಸೆ. ತಾಯಿಗಾದರೋ ಮಗ ರವೀಂದ್ರನಾಥ ಠಾಕೂರರ ಶಾಂತಿನಿಕೇತನದಲ್ಲಿ ಕಲಿಯಲಿ ಎಂಬ ಹಂಬಲ. ಹಾಲಿವುಡ್ ಸಿನಿಮಾ, ಪಾಶ್ಚಾತ್ಯ ಸಂಗೀತವೆಂದರೆ ಪ್ರಾಣ ಬಿಡುತ್ತಿದ್ದ ಪಟ್ಟಣದ ಹುಡುಗನಿಗೆ ಆ ಹಳ್ಳಿಗಾಡು ಇಷ್ಟವಿರಲಿಲ್ಲ. ಆದರೂ ತಾಯಿಯ ಮಾತನ್ನು ತೆಗೆದುಹಾಕಲಾರದೆ 1940ರಲ್ಲಿ ಅಲ್ಲಿನ ಕಲಾಭವನಕ್ಕೆ ಸೇರಿದರು.

ಕಲಾಭವನದ ಮುಖ್ಯ ಗುರುಗಳು ನಂದಲಾಲ್ ಬೋಸ್. ಅವರ ಪಾಠದ ರೀತಿಯೇ ಬೇರೆ. ಮರದ ಚಿತ್ರ ಬರೆಯುವಾಗ ಕುಂಚವನ್ನು ಬುಡದಿಂದ ಮೇಲಕ್ಕೆ ಎಳೆಯಬೇಕೆಂದು ಅವರು ಶಿಷ್ಯರಿಗೆ ಹೇಳಿಕೊಡುತ್ತಿದ್ದರು. ಮರ ಬೆಳೆಯುವುದು ಕೆಳಗಿನಿಂದ ಮೇಲಕ್ಕೆ ತಾನೇ? ಹಾಗಾದರೆ ಗೆರೆಯೂ ಹಾಗೆಯೇ ಬೆಳೆಯಬೇಕು. ಮಕ್ಕಳೇ, ಇದು ಬರೀ ಕೈಯ ಅಭ್ಯಾಸವಲ್ಲ, ಕಣ್ಣಿನ ಅಭ್ಯಾಸ. ವಸ್ತುವಿನ ಆಕಾರವನ್ನು ನಕಲು ಮಾಡಿದರೆ ಸಾಲದು, ಅದರ ಸ್ವಭಾವವನ್ನು ಅರಿತು ಬರೆಯಬೇಕು ಎಂಬುದು ಅದರ ಒಳಗುಟ್ಟು. ಇನ್ನೊಬ್ಬ ಗುರು ವಿನೋದ್ ಬಿಹಾರಿ ಮುಖರ್ಜಿ ಅವರಿಗೆ ಹುಟ್ಟಿನಿಂದ ಒಂದು ಕಣ್ಣು ಕಾಣುತ್ತಿರಲಿಲ್ಲ, ಇನ್ನೊಂದರ ದೃಷ್ಟಿಯೂ ಮಂದ. ಅಂಥವರು ವಿದ್ಯಾರ್ಥಿ ನಿಲಯದ ಚಾವಣಿಯ ತುಂಬ ಹಳ್ಳಿಯ ಬದುಕನ್ನು ಚಿತ್ರಿಸಿದ್ದರು. ಅದನ್ನು ನೋಡಿ ತರುಣ ಸತ್ಯಜಿತ್ ಬೆರಗಾದರು. ಸಹಪಾಠಿಗಳೊಡನೆ ಅಜಂತಾ, ಎಲ್ಲೋರಾಗಳಿಗೂ ಹೋಗಿ ಬಂದರು. ಅದುವರೆಗೆ ಪಶ್ಚಿಮದ ಕಲೆಯನ್ನಷ್ಟೇ ಮೆಚ್ಚುತ್ತಿದ್ದವರಿಗೆ ತಮ್ಮ ನಾಡಿನ ಕಲೆಯ ದರ್ಶನವಾಯಿತು.

ಆದರೂ ತಾವು ದೊಡ್ಡ ವರ್ಣಚಿತ್ರಕಾರರಾಗಲಾರೆವೆಂದು ಸತ್ಯಜಿತ್ ಅವರಿಗೆ ಖಚಿತವಾಗಿತ್ತು. 1942ರ ಡಿಸೆಂಬರ್‌ನಲ್ಲಿ ಜಪಾನಿನ ವಿಮಾನಗಳು ಕಲ್ಕತ್ತೆಯ ಮೇಲೆ ಬಾಂಬ್ ಹಾಕಿದವು. ಆಗ ಅವರು ಐದು ವರ್ಷದ ಶಿಕ್ಷಣವನ್ನು ಅರ್ಧಕ್ಕೇ ಬಿಟ್ಟು ಊರಿಗೆ ಮರಳಿದರು. ಕೈಯಲ್ಲಿ ಕಲಾಭವನದ ಪ್ರಮಾಣಪತ್ರವಿರಲಿಲ್ಲ. ಹಾಗಾದರೆ ಆ ಎರಡೂವರೆ ವರ್ಷ ವ್ಯರ್ಥವಾಯಿತೇ? ಮುಂದಿನ ಕಥೆಯೇ ಇದಕ್ಕೆ ಉತ್ತರ.

1943ರಲ್ಲಿ ಡಿ. ಜೆ. ಕೀಮರ್ ಎಂಬ ಬ್ರಿಟಿಷ್ ಜಾಹೀರಾತು ಸಂಸ್ಥೆಯಲ್ಲಿ ಅವರಿಗೆ ಕೆಲಸ ಸಿಕ್ಕಿತು. ಸಂಬಳ ತಿಂಗಳಿಗೆ 80 ರೂಪಾಯಿ. ಅದರ ಜೊತೆಗೆ ಸಿಗ್ನೆಟ್ ಪ್ರೆಸ್ ಎಂಬ ಹೊಸ ಪ್ರಕಾಶನಕ್ಕೆ ಪುಸ್ತಕದ ಮುಖಪುಟಗಳನ್ನು ರಚಿಸತೊಡಗಿದರು. ಜಿಮ್ ಕಾರ್ಬೆಟ್ ಅವರ ನರಭಕ್ಷಕ ಹುಲಿಗಳ ಪುಸ್ತಕದ ಬಂಗಾಳಿ ಅನುವಾದಕ್ಕೆ ಅವರು ಮಾಡಿದ ಹೊದಿಕೆ ಬಹಳ ಪ್ರಸಿದ್ಧ. ಇಡೀ ಹೊದಿಕೆಯೇ ಹುಲಿಯ ಚರ್ಮ, ಅದರಲ್ಲಿ ಗುಂಡು ಒಳಹೊಕ್ಕ ತೂತು ಒಂದು ಕಡೆ, ಹೊರಬಿದ್ದ ತೂತು ಇನ್ನೊಂದು ಕಡೆ! ಮುಖಪುಟದಲ್ಲಿ ಹುಲಿಯ ಚಿತ್ರವನ್ನು ಯಾರಾದರೂ ಬರೆದಾರು. ಕಥೆಯ ತಿರುಳನ್ನೇ ಹೊದಿಕೆಯಾಗಿಸಲು ಬುಡದಿಂದ ನೋಡುವ ಕಣ್ಣು ಬೇಕು.

ಅದೇ ಪ್ರಕಾಶನ ವಿಭೂತಿಭೂಷಣ ಬಂದ್ಯೋಪಾಧ್ಯಾಯರ 'ಪಥೇರ್ ಪಾಂಚಾಲಿ' ಕಾದಂಬರಿಯನ್ನು ಮಕ್ಕಳಿಗಾಗಿ ಸಂಗ್ರಹಿಸಿ ಹೊರತಂದಿತು. ಅದರ ಹೆಸರಿಗೆ ಮಾವಿನ ಓಟೆಯ ಪೀಪಿ ಎಂದು ಅರ್ಥ. ಅದಕ್ಕೆ ಚಿತ್ರ ಬರೆಯುತ್ತ ಬರೆಯುತ್ತ, ಇದು ಒಳ್ಳೆಯ ಸಿನಿಮಾ ಆದೀತೆಂಬ ಯೋಚನೆ ಸತ್ಯಜಿತ್ ಅವರಲ್ಲಿ ಮೊಳೆಯಿತು. 1950ರಲ್ಲಿ ಸಂಸ್ಥೆ ಅವರನ್ನು ಲಂಡನ್ನಿಗೆ ಕಳಿಸಿದಾಗ ಕೆಲವೇ ತಿಂಗಳಲ್ಲಿ ನೂರರಷ್ಟು ಸಿನಿಮಾ ನೋಡಿದರು. ಹಡಗಿನಲ್ಲಿ ಮರಳುವಾಗಲೇ ತಮ್ಮ ಚಿತ್ರದ ಟಿಪ್ಪಣಿ ಬರೆಯಲು ಕುಳಿತರು.

ಆ ಚಿತ್ರಕ್ಕೆ ಪೂರ್ಣ ಚಿತ್ರಕಥೆಯ ಹಸ್ತಪ್ರತಿಯೇ ಇರಲಿಲ್ಲ. ಇದ್ದದ್ದು ಒಂದೊಂದು ದೃಶ್ಯವನ್ನೂ ಶಾಯಿಯಲ್ಲಿ ಬರೆದುಕೊಂಡ ಚಿತ್ರಗಳ ಪುಸ್ತಕ. ಅದನ್ನು ಹಿಡಿದು ನಿರ್ಮಾಪಕರ ಬಾಗಿಲು ತಟ್ಟಿದರೆ ಯಾರೂ ಹಣ ಕೊಡಲಿಲ್ಲ. 1952ರ ಅಕ್ಟೋಬರ್‌ನಲ್ಲಿ ಬಿಳಿಯ ಕಾಶ ಹೂವಿನ ಬಯಲಿನಲ್ಲಿ ಚಿತ್ರೀಕರಣ ಶುರುವಾಯಿತು. ಮುಂದಿನ ವಾರ ಹೋಗಿ ನೋಡಿದರೆ ದನಗಳು ಆ ಹೂವನ್ನೆಲ್ಲ ಮೇಯ್ದು ಬಯಲು ಬರಿದಾಗಿತ್ತು! ಮತ್ತೆ ಹೂ ಅರಳಲು ಮರುವರ್ಷದವರೆಗೆ ಕಾಯಬೇಕಾಯಿತು. ಹಣ ಮುಗಿದಾಗ ವಿಮೆಯ ಪಾಲಿಸಿ ಅಡವಿಗೆ ಹೋಯಿತು, ಪತ್ನಿ ಬಿಜೋಯಾ ಅವರ ಒಡವೆಗಳೂ ಹೋದವು. ಪ್ರೀತಿಯ ಗ್ರಾಮಫೋನ್ ತಟ್ಟೆಗಳು ಮಾರಾಟವಾದವು. ಕೊನೆಗೆ ಪಶ್ಚಿಮ ಬಂಗಾಳ ಸರ್ಕಾರದ ನೆರವಿನಿಂದ 1955ರಲ್ಲಿ ಚಿತ್ರ ತೆರೆಕಂಡಿತು. 1956ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗಳಿಸಿತು. ಹಳ್ಳಿಯನ್ನು ಅಷ್ಟು ಪ್ರೀತಿಯಿಂದ ತೋರಿಸಿದವರು, ಹಿಂದೊಮ್ಮೆ ಹಳ್ಳಿಗಾಡಿಗೆ ಹೋಗಲು ಹಿಂಜರಿದ ಅದೇ ಪಟ್ಟಣದ ಹುಡುಗ ಎಂಬುದನ್ನು ನಾವು ಮರೆಯಬಾರದು.

ಹೆಸರು ಬಂದ ಮೇಲೂ ಅವರು ಕುಂಚವನ್ನು ಕೆಳಗಿಡಲಿಲ್ಲ. ತಮ್ಮ ಚಿತ್ರಗಳ ಭಿತ್ತಿಪತ್ರ, ಶೀರ್ಷಿಕೆ, ವೇಷಭೂಷಣಗಳನ್ನು ತಾವೇ ರಚಿಸುತ್ತಿದ್ದರು. 'ರೇ ರೋಮನ್' ಮೊದಲಾದ ಇಂಗ್ಲಿಷ್ ಅಚ್ಚಕ್ಷರಗಳನ್ನು ರೂಪಿಸಿದರು. ನಿಂತುಹೋಗಿದ್ದ ತಾತನ 'ಸಂದೇಶ್' ಪತ್ರಿಕೆಗೆ 1961ರಲ್ಲಿ ಮತ್ತೆ ಜೀವ ಕೊಟ್ಟು, ಮಕ್ಕಳಿಗಾಗಿ ಕಥೆ ಬರೆದು, ಚಿತ್ರವನ್ನೂ ಬರೆದರು. ನಿಮ್ಮ ಮನೆಯಲ್ಲಿ ಸಾಹಿತ್ಯ ಅಕಾಡೆಮಿ ಪ್ರಕಟಿಸಿದ ಕನ್ನಡ ಪುಸ್ತಕವಿದ್ದರೆ ತೆರೆದು ನೋಡಿ. ಅದರ ಮೇಲಿರುವ ಅಕಾಡೆಮಿಯ ಲಾಂಛನವೂ ಅವರ ಕೈಯದೇ. ಗುರು ವಿನೋದ್ ಬಿಹಾರಿ ಪೂರ್ತಿ ದೃಷ್ಟಿ ಕಳೆದುಕೊಂಡ ಮೇಲೂ ಕಲಾಸೃಷ್ಟಿ ನಡೆಸಿದ್ದನ್ನು ಕಂಡು, 1972ರಲ್ಲಿ ಅವರ ಬಗ್ಗೆ ಸಾಕ್ಷ್ಯಚಿತ್ರ ತೆಗೆದು ಗುರುಋಣ ಸಲ್ಲಿಸಿದರು. 1992ರಲ್ಲಿ ಆಸ್ಕರ್ ಗೌರವ ಮತ್ತು ಭಾರತರತ್ನ ಎರಡೂ ಅವರಿಗೆ ಸಂದವು. ಅದೇ ವರ್ಷ ಏಪ್ರಿಲ್ 23ರಂದು ಅವರು ನಮ್ಮನ್ನಗಲಿದರು.

ಕಲಿತ ವಿದ್ಯೆ ಯಾವಾಗ, ಯಾವ ರೂಪದಲ್ಲಿ ಫಲ ಕೊಡುವುದೋ ಹೇಳಲಾಗದು. ಅಂಕಪಟ್ಟಿ ಮುಖ್ಯವಲ್ಲವೆಂದು ನಾವು ಹೇಳುತ್ತಿಲ್ಲ, ನಾವೂ ಅಂಕ ಹಾಕುವವರೇ! ಆದರೆ ಅಂಕಪಟ್ಟಿಯಲ್ಲಿ ಕಾಣದ ಕಲಿಕೆಯೂ ಇದೆ ಎಂಬುದನ್ನು ಪೋಷಕರು ನೆನಪಿಡಲಿ. ಮಗ ಒಲ್ಲೆನೆಂದರೂ ಸುಪ್ರಭಾ ತಾಯಿ ಬಿತ್ತಿದ ಬೀಜವೇ ಮರವಾಯಿತಲ್ಲವೇ? ಮಕ್ಕಳೇ, ಈ ರಜೆಯಲ್ಲಿ ಒಂದು ಮರದ ಮುಂದೆ ಕುಳಿತುಕೊಳ್ಳಿ. ಅದನ್ನು ಚೆನ್ನಾಗಿ ನೋಡಿ. ಆಮೇಲೆ ಗೆರೆಯನ್ನು ಬುಡದಿಂದ ಮೇಲಕ್ಕೆ ಎಳೆಯಿರಿ.