ತೆರೆಯ ಚಂದ್ರಿ, ಸೆರೆಮನೆಯ ಸ್ನೇಹಲತಾ

ಶರಾವತಿ ಹಿನ್ನೀರಿನ ಹೊನ್ನೆಮರಡಿನಿಂದ ತುಂಗಾತೀರದ ಶೃಂಗೇರಿಯವರೆಗೆ ಹಬ್ಬಿರುವ ಮಲೆನಾಡಿಗೆ ಸಿನಿಮಾ ಚಿತ್ರೀಕರಣ ಈಗ ಹೊಸತೇನಲ್ಲ. ಆದರೆ ಸ್ಟುಡಿಯೋ ಇಲ್ಲದೆ, ಹೆಸರಾಂತ ತಾರೆಯರಿಲ್ಲದೆ, ದಂಪತಿಯೊಬ್ಬರು ಗೆಳೆಯರನ್ನೇ ಕಟ್ಟಿಕೊಂಡು ಇಲ್ಲಿಗೆ ಬಂದು ತೆಗೆದ ‘ಸಂಸ್ಕಾರ’ (1970) ಕನ್ನಡ ಚಿತ್ರರಂಗಕ್ಕೆ ಹೊಸ ದಾರಿ ತೆರೆಯಿತು. ಆ ದಂಪತಿ ಪಟ್ಟಾಭಿರಾಮ ರೆಡ್ಡಿ ಹಾಗೂ ಸ್ನೇಹಲತಾ ರೆಡ್ಡಿ.

1932ರಲ್ಲಿ ಕ್ರೈಸ್ತ ಕುಟುಂಬದಲ್ಲಿ ಜನಿಸಿದ ಸ್ನೇಹಲತಾ, ಬ್ರಿಟಿಷರ ಆಳ್ವಿಕೆಯನ್ನು ಸಹಿಸದೆ ಭಾರತೀಯ ಹೆಸರನ್ನೂ ಉಡುಗೆಯನ್ನೂ ಆರಿಸಿಕೊಂಡವರು. ಕಿಟ್ಟಪ್ಪ ಪಿಳ್ಳೆಯವರಲ್ಲಿ ಭರತನಾಟ್ಯ ಕಲಿತರು. ‘ಮದ್ರಾಸ್ ಪ್ಲೇಯರ್ಸ್’ ನಾಟಕ ತಂಡವನ್ನು ಕಟ್ಟಿದವರಲ್ಲಿ ಅವರೂ ಒಬ್ಬರು. ಪತಿ ಪಟ್ಟಾಭಿ 1939ರಲ್ಲೇ ‘ಫಿಡೇಲು ರಾಗಾಲ ಡಜನ್’ ಸಂಕಲನದಿಂದ ತೆಲುಗು ಕಾವ್ಯಲೋಕವನ್ನು ಬೆಚ್ಚಿಬೀಳಿಸಿದ್ದ ಕವಿ; ಜನಪ್ರಿಯ ತೆಲುಗು ಚಿತ್ರಗಳ ನಿರ್ಮಾಪಕ. ಇಬ್ಬರೂ ರಾಮಮನೋಹರ ಲೋಹಿಯಾ ಅವರ ಅನುಯಾಯಿಗಳು. ‘ಸಂಸ್ಕಾರ’ಕ್ಕಾಗಿ ಹುಟ್ಟಿದ ಸಂಸ್ಥೆಯ ಹೆಸರೂ ರಾಮಮನೋಹರ ಚಿತ್ರ.

ಕಥೆ ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ ಹುಟ್ಟಿದ ಯು.ಆರ್. ಅನಂತಮೂರ್ತಿಯವರದು. 1965ರಲ್ಲಿ ಪ್ರಕಟವಾದ ಕಾದಂಬರಿಗೆ ಚಿತ್ರಕಥೆ ಬರೆದ ಗಿರೀಶ್ ಕಾರ್ನಾಡರೇ ಪ್ರಾಣೇಶಾಚಾರ್ಯರಾದರು. ನಾರಣಪ್ಪನಾಗಿ ಪಿ. ಲಂಕೇಶ್ ಬಂದರು. ಕ್ಯಾಮೆರಾ ಹಿಡಿದವರು ಆಸ್ಟ್ರೇಲಿಯಾದ ಟಾಮ್ ಕೋವನ್. ಕಲಾ ನಿರ್ದೇಶನ ವರ್ಣಚಿತ್ರಕಾರ ಎಸ್.ಜಿ. ವಾಸುದೇವ್ ಅವರದು, ಸಂಗೀತ ಸರೋದ್ ವಾದಕ ರಾಜೀವ ತಾರಾನಾಥರದು. ಹೆಚ್ಚಿನವರು ಸಿನಿಮಾವನ್ನೇ ವೃತ್ತಿಯಾಗಿ ನಂಬಿದವರಲ್ಲ. ಸಾಹಿತ್ಯ, ರಂಗಭೂಮಿ, ಚಿತ್ರಕಲೆಗಳಿಂದ ಬಂದವರು. ಅಲ್ಪ ಬಂಡವಾಳದ ಈ ಪುಟ್ಟ ತಂಡ ಶೃಂಗೇರಿ ಬಳಿಯ ವೈಕುಂಠಪುರದಲ್ಲಿ ಬೀಡುಬಿಟ್ಟು, ಅಲ್ಲಿನ ಮನೆ, ಬೀದಿಗಳನ್ನೇ ಕಪ್ಪು-ಬಿಳುಪಿನಲ್ಲಿ ಅಗ್ರಹಾರವಾಗಿಸಿತು.

ಸ್ನೇಹಲತಾ ಅವರಿಗೆ ದಕ್ಕಿದ್ದು ಚಂದ್ರಿಯ ಪಾತ್ರ. ಆಚಾರಗೆಟ್ಟವನೆಂದು ಹೆಸರಾದ ನಾರಣಪ್ಪನ ಹೆಣಕ್ಕೆ ಸಂಸ್ಕಾರ ಮಾಡುವವರು ಯಾರೆಂದು ಅಗ್ರಹಾರ ಕುಳಿತು ಚರ್ಚಿಸುತ್ತದೆ. ಅವನೊಡನೆ ಬಾಳಿದ ಚಂದ್ರಿ ತನ್ನ ಒಡವೆಗಳನ್ನೇ ಬಿಚ್ಚಿ ಮುಂದಿಡುತ್ತಾಳೆ. ಕೊನೆಗೆ ಶಾಸ್ತ್ರಕ್ಕೆ ಕಾಯದೆ ರಾತ್ರೋರಾತ್ರಿ ದಹನ ಮಾಡಿಸಿ ಹೊರಟುಹೋಗುತ್ತಾಳೆ. ಪಂಡಿತರೆಲ್ಲ ಮಾತನಾಡುವ ಚಿತ್ರದಲ್ಲಿ ಅವಳ ಮಾತು ಕಡಿಮೆ, ಮಾಡುವ ಕೆಲಸ ಹೆಚ್ಚು. ಅಂಥ ಪಾತ್ರಕ್ಕೆ ನೃತ್ಯ ಬಲ್ಲ ಕಲಾವಿದೆ ಸಿಕ್ಕಿದ್ದು ಚಿತ್ರದ ಭಾಗ್ಯವೇ ಸರಿ.

ಮದ್ರಾಸಿನ ಸೆನ್ಸಾರ್ ಮಂಡಳಿ ಚಿತ್ರಕ್ಕೆ ಅನುಮತಿ ನಿರಾಕರಿಸಿತು. ಕೇಂದ್ರ ಸರ್ಕಾರ ನಿಷೇಧ ತೆರವುಗೊಳಿಸಿದ ಮೇಲೆ ತೆರೆಕಂಡ ಅದೇ ಚಿತ್ರ, 1970ರ ಸಾಲಿನ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ಕನ್ನಡಕ್ಕೆ ಮೊದಲ ಸ್ವರ್ಣಕಮಲ ತಂದುಕೊಟ್ಟಿತು.

ಐದೇ ವರ್ಷಗಳಲ್ಲಿ ತುರ್ತುಪರಿಸ್ಥಿತಿ ಬಂತು. ರೆಡ್ಡಿ ದಂಪತಿ ಸಮಾಜವಾದಿ ನಾಯಕ ಜಾರ್ಜ್ ಫರ್ನಾಂಡಿಸ್ ಅವರ ಆಪ್ತರು. ಬರೋಡಾ ಡೈನಮೈಟ್ ಪ್ರಕರಣದ ನಂಟಿನ ಶಂಕೆಯ ಮೇಲೆ 1976ರ ಮೇ 2ರಂದು ಸ್ನೇಹಲತಾ ಬಂಧನಕ್ಕೊಳಗಾದರು. ಅಂತಿಮ ಆರೋಪಪಟ್ಟಿಯಲ್ಲಿ ಅವರ ಹೆಸರು ಇರಲಿಲ್ಲ. ಆದರೂ ವಿಚಾರಣೆಯಿಲ್ಲದೆ ಮೀಸಾ ಕಾಯ್ದೆಯಡಿ ಬೆಂಗಳೂರು ಕೇಂದ್ರ ಕಾರಾಗೃಹದಲ್ಲಿ ಎಂಟು ತಿಂಗಳು ಕಳೆಯಬೇಕಾಯಿತು.

ಆಸ್ತಮಾದಿಂದ ಬಳಲುತ್ತಿದ್ದವರಿಗೆ ಸೆರೆವಾಸ ಮಾರಕವಾಯಿತು. ಉಸಿರಾಟವೇ ಕಷ್ಟವಾಗಿದ್ದರೂ ಇತರ ಮಹಿಳಾ ಕೈದಿಗಳ ಮೇಲಿನ ದೌರ್ಜನ್ಯವನ್ನು ಅವರು ಪ್ರತಿಭಟಿಸಿದರು. ಅಲ್ಲಿ ಬರೆದಿಟ್ಟ ದಿನಚರಿ ಅವರ ಮರಣಾನಂತರ ಪುಸ್ತಕವಾಯಿತು. ಆರೋಗ್ಯ ತೀರಾ ಹದಗೆಟ್ಟ ಮೇಲೆ, 1977ರ ಜನವರಿ 15ರಂದು ಪೆರೋಲ್ ಮೇಲೆ ಹೊರಬಿಟ್ಟರು. 18ರಂದು ಲೋಕಸಭೆ ಚುನಾವಣೆ ಘೋಷಣೆಯಾಯಿತು. 20ರಂದು ಸ್ನೇಹಲತಾ ತೀರಿಕೊಂಡರು.

ಲಂಕೇಶರ ‘ಕ್ರಾಂತಿ ಬಂತು ಕ್ರಾಂತಿ’ ನಾಟಕವನ್ನಾಧರಿಸಿ ಪಟ್ಟಾಭಿ ತೆಗೆದ ‘ಚಂಡಮಾರುತ’ದಲ್ಲೂ ಅವರು ಅಭಿನಯಿಸಿದ್ದರು. ತುರ್ತುಪರಿಸ್ಥಿತಿ ಮುಗಿದ ಮೇಲೆ ಆ ಚಿತ್ರ ಬಿಡುಗಡೆಯಾದಾಗ ಅದನ್ನು ನೋಡಲು ಅವರಿರಲಿಲ್ಲ.