ಪಂಡಿತೆ ರಮಾಬಾಯಿಯ ಜೀವನ ವೃತ್ತಾಂತ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಗಳಿಂದ ನಮ್ಮ ಶಾಲೆಗೆ ಬರುವ ಹುಡುಗಿಯರಲ್ಲಿ, ಮನೆಯಲ್ಲಿ ಸಾವೋ ಸಾಲವೋ ಒದಗಿದೊಡನೆ ಪುಸ್ತಕವನ್ನು ಮುಚ್ಚಿಟ್ಟು ಹೋಗುವವರು ಪ್ರತಿವರ್ಷವೂ ಕೆಲವರಿರುತ್ತಾರೆ. ತಮ್ಮ ಹಣೆಯಲ್ಲಿ ಸುಖ ಬರೆದಿಲ್ಲವೆಂದು ಅವರೂ ನಂಬುತ್ತಾರೆ, ಅವರ ಹೆತ್ತವರೂ ನಂಬುತ್ತಾರೆ. ಅಂಥವರನ್ನು ನೆನೆದು, ನಮ್ಮ ನಾಡಿನ ಬೆಟ್ಟದಲ್ಲಿಯೇ ಹುಟ್ಟಿದ ಒಬ್ಬ ಮಹಿಳೆಯ ಚರಿತ್ರೆಯನ್ನು ಈ ಸಂಚಿಕೆಗೆ ಬರೆದಿದ್ದೇನೆ.

ರಮಾಬಾಯಿಯು 1858ನೆಯ ಏಪ್ರಿಲ್ 23ರಂದು ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಜನಿಸಿದಳು. ತುಂಗೆಯೂ ಭದ್ರೆಯೂ ನೇತ್ರಾವತಿಯೂ ಹುಟ್ಟುವ ಸ್ಥಳವದು. ತಂದೆಯಾದ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಬಳಿಯ ಮಾಳದವರು. ಅವರು ತಮ್ಮ ಪತ್ನಿ ಲಕ್ಷ್ಮೀಬಾಯಿಗೆ ಸಂಸ್ಕೃತವನ್ನು ಕಲಿಸಿದ್ದಕ್ಕಾಗಿ ಜನರ ಕೋಪಕ್ಕೆ ಗುರಿಯಾಗಿ, ಉಡುಪಿಯ ಪಂಡಿತರ ಸಭೆಯಲ್ಲಿ ತಮ್ಮ ನಡತೆಯನ್ನು ಶಾಸ್ತ್ರಾಧಾರದಿಂದ ಸಮರ್ಥಿಸಬೇಕಾಯಿತು. ಬಂದವರಿಗೆಲ್ಲ ಅನ್ನವಿಟ್ಟು ಆಸ್ತಿ ಕರಗಿದ ಮೇಲೆ ಸಂಸಾರವು ತೀರ್ಥಯಾತ್ರೆಗೆ ಹೊರಟಿತು. ಆಗ ಆರು ತಿಂಗಳ ಕೂಸಾಗಿದ್ದ ರಮೆಯು ಬೆತ್ತದ ಬುಟ್ಟಿಯಲ್ಲಿ ಮಲಗಿ ಆಳಿನ ತಲೆಯ ಮೇಲೆ ಘಟ್ಟವಿಳಿದಳು. ಆಕೆಗೆ ಶಾಲೆಯೆಂಬುದೇ ಇರಲಿಲ್ಲ. ತಾಯಿಯು ಹಾದಿಯಲ್ಲಿಯೇ ಪಾಠ ಹೇಳಿಕೊಟ್ಟಳು.

1870ರ ದಶಕದಲ್ಲಿ ದಕ್ಷಿಣದೇಶವನ್ನು ಬರ ಹಿಡಿಯಿತು. ಅದೇ ದಶಕದಲ್ಲಿ, 1876ರಿಂದ 1878ರವರೆಗೆ, ಮೈಸೂರು ಸೀಮೆಯನ್ನು ಹಾಳುಗೆಡಹಿದ ಧಾತು-ಈಶ್ವರ ಸಂವತ್ಸರಗಳ ಕ್ಷಾಮದ ಸುದ್ದಿಯನ್ನು ಹಿರಿಯರಿಂದ ಕೇಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪುರಾಣವಾಚನವೊಂದೇ ಜೀವನೋಪಾಯವಾಗಿದ್ದ ಆ ಸಂಸಾರಕ್ಕೆ ಕೂಲಿ ಮಾಡಲು ತಿಳಿಯದು, ಬೇಡಲು ಅಭಿಮಾನ ಬಿಡದು. ಕಣ್ಣು ಮಂದವಾಗಿದ್ದ ವೃದ್ಧ ತಂದೆಯು ಮೊದಲು ತೀರಿಕೊಂಡನು. ಬಳಿಕ ಕೆಲವು ತಿಂಗಳುಗಳಲ್ಲಿ ತಾಯಿಯೂ ಅಕ್ಕನೂ ಹೋದರು. ತಾಯಿಯ ಶವವನ್ನು ಹೊರಲು ಜನ ಸಾಲದೆ, ಹದಿಹರೆಯದ ರಮೆಯೇ ನಾಲ್ಕನೆಯವಳಾಗಿ ಹೆಗಲು ಕೊಡಬೇಕಾಯಿತು. ಆಕೆ ಕುಳ್ಳಿಯಾದುದರಿಂದ ಚಟ್ಟದ ಕೊನೆಯು ಹೆಗಲಿಗೆ ಎಟುಕದೆ, ತಲೆಯ ಮೇಲಿಟ್ಟುಕೊಂಡು ಸುಮಾರು ಮೂರು ಮೈಲಿ ನಡೆದಳು.

ಉಳಿದ ಅಣ್ಣ ಶ್ರೀನಿವಾಸನೊಂದಿಗೆ ಸಾವಿರಾರು ಮೈಲಿ ಕಾಲ್ನಡಿಗೆಯ ಸಂಚಾರ ನಡೆಯಿತು. ಹೊದೆಯಲು ಬಟ್ಟೆಯಿಲ್ಲದೆ, ಝೇಲಂ ನದಿಯ ದಡದಲ್ಲಿ ಮರಳನ್ನು ತೋಡಿ ಅದರೊಳಗೆ ಮಲಗಿ ಚಳಿಯ ರಾತ್ರಿಗಳನ್ನು ಕಳೆದರು. 1878ರಲ್ಲಿ ಕಲ್ಕತ್ತೆಯ ವಿದ್ವಾಂಸರು ಈಕೆಯ ಸಂಸ್ಕೃತ ಪಾಂಡಿತ್ಯಕ್ಕೆ ಬೆರಗಾಗಿ ಪಂಡಿತೆ, ಸರಸ್ವತಿ ಎಂಬ ಬಿರುದುಗಳನ್ನಿತ್ತರು. ಆದರೆ 1880ರಲ್ಲಿ ಅಣ್ಣನೂ ಮರಣ ಹೊಂದಿದನು. ಅದೇ ವರ್ಷ ಆಕೆ ಬೇರೆ ಜಾತಿಯವನಾದ ಬಂಗಾಳಿ ವಕೀಲ ಬಿಪಿನ್ ಬಿಹಾರಿ ಮೇಧಾವಿಯನ್ನು ವಿವಾಹವಾದಳು. 1881ರಲ್ಲಿ ಮನೋರಮೆಯೆಂಬ ಮಗಳು ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಗಂಡನು ಕಾಲರಾ ತಗಲಿ ತೀರಿಕೊಂಡನು. ಇಪ್ಪತ್ತನಾಲ್ಕು ವರ್ಷ ತುಂಬದ ವಿಧವೆ, ವರ್ಷ ತುಂಬದ ಮಗು.

ಪುಣೆಗೆ ಬಂದು ಅದೇ ವರ್ಷ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದಳು. ವೈದ್ಯಳಾಗಬೇಕೆಂಬ ಆಸೆಯಿಂದ 1883ರಲ್ಲಿ ಮಗುವಿನೊಂದಿಗೆ ಇಂಗ್ಲೆಂಡಿಗೆ ಹೋದಳು. ಅಲ್ಲಿ ಕ್ರೈಸ್ತಮತವನ್ನು ಸ್ವೀಕರಿಸಿದಳು. ಆದರೆ ಕಿವಿ ಮಂದವಾಗುತ್ತ ಬಂದುದರಿಂದ ವೈದ್ಯವಿದ್ಯೆಯ ಬಾಗಿಲು ಮುಚ್ಚಿತು. ಈ ಸಂಗತಿಯನ್ನು ಓದುವಾಗಲೆಲ್ಲ ನನಗೆ ನಾಚಿಕೆಯಾಗುತ್ತದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಕಿವಿ ಕೇಳಿಸದ ಒಂದು ಮಗುವನ್ನು ದಡ್ಡಿಯೆಂದು ಬಗೆದು ಹಿಂದಿನ ಬೆಂಚಿನಲ್ಲಿ ಕೂರಿಸಿದವಳು ನಾನು. ಮುಂದಿನ ಬೆಂಚಿಗೆ ಕರೆಯುವ ಬುದ್ಧಿ ಬರಲು ನನಗೆ ಅರ್ಧ ವರ್ಷ ಹಿಡಿಯಿತು. ರಮಾಬಾಯಿಯಾದರೋ ಚೆಲ್ಟನ್‌ಹ್ಯಾಮ್ ಮಹಿಳಾ ಕಾಲೇಜಿನಲ್ಲಿ ಸಂಸ್ಕೃತವನ್ನು ಕಲಿಸುತ್ತ, ತಾನು ಬೇರೆ ವಿಷಯಗಳನ್ನು ಕಲಿಯುತ್ತ ಉಪಾಧ್ಯಾಯಿನಿಯಾಗಲು ಸಿದ್ಧಳಾದಳು.

1886ರಲ್ಲಿ ಅಮೆರಿಕೆಗೆ ಹೋಗಿ, ಮರುವರ್ಷ ಉಚ್ಚಜಾತಿಯ ಹಿಂದೂ ಸ್ತ್ರೀಯರ ಅವಸ್ಥೆಯನ್ನು ಕುರಿತು ಇಂಗ್ಲಿಷಿನಲ್ಲಿ ಗ್ರಂಥವನ್ನು ಪ್ರಕಟಿಸಿದಳು. ಅಲ್ಲಿಯ ಸ್ನೇಹಿತರ ಸಹಾಯದಿಂದ 1889ನೆಯ ಮಾರ್ಚ್‌ನಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವು ತೆರೆಯಿತು. ಅಲ್ಲಿ ಮೊದಲು ಸೇರಿದ ವಿಧವೆ ಗೋದೂಬಾಯಿಯು ಮುಂದೆ ಧೋಂಡೋ ಕೇಶವ ಕರ್ವೆಯವರನ್ನು ವಿವಾಹವಾದಳು. ಸದನವು ಪುಣೆಗೆ ಬಂದ ಮೇಲೆ, 1893ರಲ್ಲಿ, ಮತದ ವಿಷಯವಾಗಿ ವಿವಾದವೆದ್ದು ಅನೇಕ ತಂದೆತಾಯಿಗಳು ಹುಡುಗಿಯರನ್ನು ಬಿಡಿಸಿಕೊಂಡು ಹೋದರು. ಹೆತ್ತವರ ಭಯವೂ ನಿಜವಾದುದೇ ಎಂದು ನಾನು ಒಪ್ಪುತ್ತೇನೆ. ಆದರೆ ಬಿಟ್ಟುಹೋದ ಹುಡುಗಿಯರ ಓದಿಗೆ ಒದಗಿದ ನಷ್ಟವೂ ಅಷ್ಟೇ ನಿಜ.

ಮೂರು ವರ್ಷಗಳ ತರುವಾಯ ಮಧ್ಯಪ್ರಾಂತದಲ್ಲಿ ಕ್ಷಾಮವು ತಲೆದೋರಿತು. ಸುದ್ದಿ ತಿಳಿದೊಡನೆ ರಮಾಬಾಯಿಗೆ ತನ್ನ ತಾಯಿಯ ಹಸಿವು ನೆನಪಾಯಿತೆಂದು ತಿಳಿಯಲು ಊಹೆ ಬೇಕಿಲ್ಲ. ತನ್ನ ಕ್ಷಾಮಾನುಭವಗಳನ್ನು ಆಕೆಯೇ ಬರೆದಿಟ್ಟಿದ್ದಾಳೆ. ಕೈಯಲ್ಲಿ ಹಣವಿದೆಯೋ ಇಲ್ಲವೋ ಎಂದು ಎಣಿಸುತ್ತ ಕೂರದೆ ತಾನೇ ಹೋಗಿ, ಸುಮಾರು 300 ಮಂದಿ ಹುಡುಗಿಯರನ್ನೂ ಸ್ತ್ರೀಯರನ್ನೂ ಕರೆತಂದು, ಪುಣೆಯ ಸಮೀಪದ ಕೇಡಗಾಂವ್‌ನಲ್ಲಿ ತಾನು ಕೊಂಡಿದ್ದ ಹೊಲದಲ್ಲಿ ಆಶ್ರಯವಿತ್ತಳು. ಅದೇ ಮುಕ್ತಿ ಸದನ. 1900ರ ಗುಜರಾತಿನ ಕ್ಷಾಮದ ತರುವಾಯ ಅಲ್ಲಿಯ ನಿವಾಸಿಗಳು ಎರಡು ಸಾವಿರದ ಸಮೀಪಕ್ಕೆ ಏರಿದರು. ನೇಯ್ಗೆ, ಹೊಲಗೆಲಸ, ಅಡಿಗೆ, ಅಕ್ಷರ ಜೋಡಿಸುವ ಕೆಲಸ ಇವೆಲ್ಲವನ್ನೂ ಹುಡುಗಿಯರೇ ಕಲಿತರು. ಕುರುಡರಾದವರಿಗೆ ಮನೋರಮೆಯು ಬ್ರೈಲ್ ಲಿಪಿಯನ್ನು ಕಲಿಸಿದಳು. ಇದೇ ಮನೋರಮೆಯು 1910ರ ನಂತರದ ವರ್ಷಗಳಲ್ಲಿ, ಆಗ ನಿಜಾಮರ ರಾಜ್ಯಕ್ಕೆ ಸೇರಿದ್ದ ಕಲಬುರಗಿಯಲ್ಲಿಯೂ ಶಾಲೆಯನ್ನು ನಡೆಯಿಸಿದಳು. ಗಂಗಾಮೂಲದಿಂದ ಬುಟ್ಟಿಯಲ್ಲಿ ಹೊರಟ ಕೂಸಿನ ಮಗಳು ಕನ್ನಡದ ಹುಡುಗಿಯರಿಗೆ ಪಾಠ ಹೇಳಿದಳೆಂಬುದು ನನಗೆ ಬಹಳ ಹಿಡಿಸಿದ ಸಂಗತಿ.

ವೃದ್ಧಾಪ್ಯದಲ್ಲಿ ರಮಾಬಾಯಿಗೆ ಕಿವಿ ಬಹುಮಟ್ಟಿಗೆ ಕೇಳಿಸದಾಯಿತು. ಆದಾಗ್ಯೂ ಹೀಬ್ರೂ ಮತ್ತು ಗ್ರೀಕ್ ಭಾಷೆಗಳನ್ನು ಕಲಿತು ಇಡೀ ಸತ್ಯವೇದವನ್ನು ಸರಳ ಮರಾಠಿಗೆ ಭಾಷಾಂತರಿಸುವ ಕಾರ್ಯವನ್ನು ಕೈಕೊಂಡಳು. ತನ್ನ ತರುವಾಯ ಸದನವನ್ನು ನಡೆಯಿಸಬೇಕಾಗಿದ್ದ ಮನೋರಮೆಯು 1921ನೆಯ ಜುಲೈ 24ರಂದು, ನಲವತ್ತನೆಯ ವಯಸ್ಸಿನಲ್ಲಿ, ತೀರಿಕೊಂಡಳು. ತಾಯಿಯು ಭಾಷಾಂತರದ ಹಾಳೆಗಳನ್ನು ತಿದ್ದುವುದನ್ನು ನಿಲ್ಲಿಸಲಿಲ್ಲ. ಅಚ್ಚಿನ ಮನೆಯಲ್ಲಿ ಸದನದ ಹುಡುಗಿಯರು ಮೊಳೆ ಜೋಡಿಸುತ್ತಿದ್ದರು. ಆಕೆ ತಿದ್ದಿ ಕೊಡುತ್ತಿದ್ದಳು. ಆ ಕೆಲಸವು ಮುಗಿಯುವ ಹೊತ್ತಿಗೆ, 1922ನೆಯ ಏಪ್ರಿಲ್ 5ರಂದು, ರಮಾಬಾಯಿಯು ಕೇಡಗಾಂವ್‌ನಲ್ಲಿ ಕಣ್ಣು ಮುಚ್ಚಿದಳು.