ಕುಜ ಗ್ರಹದಲ್ಲಿ ಪ್ರೀತಿ ಹುಟ್ಟಿಸಿದ ಬರೋಸ್

ನಮ್ಮ ಮನೆಗಳಲ್ಲಿ ಮಂಗಳ ಗ್ರಹಕ್ಕೆ ಎರಡು ಹೆಸರು. ಶಾಲೆಯಲ್ಲಿ ಚಾರ್ಟ್ ಮೇಲೆ ಮಂಗಳಯಾನದ ಚಿತ್ರ ಬರೆಯುವಾಗ ಅದು ಮಂಗಳ. ಅಕ್ಕನಿಗೆ ಗಂಡು ಹುಡುಕೋಕೆ ಶುರು ಮಾಡಿದಾಗ ಅದೇ ಗ್ರಹ ಕುಜ ಆಗಿಬಿಡುತ್ತೆ. ಜಾತಕದಲ್ಲಿ ಕುಜ ದೋಷ ಇದೆ ಅಂದ್ರೆ ಬಂದ ಸಂಬಂಧ ಕಾಫಿ ಕುಡಿದು ವಾಪಸ್ ಹೋಗುತ್ತೆ. ಮದುವೆ ತಪ್ಪಿಸೋದಕ್ಕೇ ಹೆಸರಾದ ಈ ಗ್ರಹದ ಮೇಲೆ ಒಬ್ಬ ಲೇಖಕರು ಜಗತ್ತೇ ಓದಿದ ಪ್ರೇಮಕಥೆ ನಡೆಸಿದರು. ಅವರೇ ಎಡ್ಗರ್ ರೈಸ್ ಬರೋಸ್. ಟಾರ್ಜನ್ ಬರೆದವರು ಅಂದ್ರೆ ಎಲ್ಲರಿಗೂ ಗೊತ್ತಾಗುತ್ತೆ. ಆದರೆ ಟಾರ್ಜನ್‌ಗಿಂತ ಮೊದಲು ಅವರು ಬರೆದಿದ್ದು ಮಂಗಳ ಗ್ರಹದ ಕಥೆ.

ಅವರ ಬಗ್ಗೆ ನಾವು ಓದೋಕೆ ಶುರು ಮಾಡಿದ್ದಕ್ಕೆ ಒಂದು ಕಾರಣ ಇದೆ. ಹೋದ ಸೆಮಿಸ್ಟರ್‌ನಲ್ಲಿ ನಾವು ಮೂರು ಜನ ರೂಮ್‌ಮೇಟ್ಸ್ ಸೇರಿ ಒಂದು ಸೈನ್ಸ್ ಫಿಕ್ಷನ್ ಕಥೆ ಬರೆದಿದ್ವಿ. ಪ್ರೀತಿ ಗೀತಿ ಎಲ್ಲ ಬೇಡ, ಸೀರಿಯಸ್ ಆಗಿರಲಿ ಅಂತ ತೀರ್ಮಾನ ಮಾಡಿ ಹೀರೋಯಿನ್ ಇದ್ದ ಪುಟಗಳನ್ನೇ ಕಿತ್ತು ಹಾಕಿದ್ವಿ. ಓದಿದ ಸೀನಿಯರ್ ಒಬ್ಬರು ಇದು ಕಥೆಯೋ ಲ್ಯಾಬ್ ರೆಕಾರ್ಡೋ ಅಂತ ಕೇಳಿದರು. ನಮಗೆ ಬೇಜಾರಾಯ್ತು. ಆದರೆ ಪ್ರಶ್ನೆ ತಲೆಯಲ್ಲೇ ಉಳೀತು. ವಿಜ್ಞಾನದ ಕಥೆಯಲ್ಲಿ ಪ್ರೀತಿಗೆ ಏನು ಕೆಲಸ?

ಬರೋಸ್ ಹುಟ್ಟಿದ್ದು 1875ರ ಸೆಪ್ಟೆಂಬರ್ 1ರಂದು, ಅಮೆರಿಕದ ಶಿಕಾಗೋದಲ್ಲಿ. ತಂದೆ ಅಲ್ಲಿನ ಅಂತರ್ಯುದ್ಧದಲ್ಲಿ ಸೈನಿಕರಾಗಿದ್ದವರು, ಆಮೇಲೆ ಬ್ಯಾಟರಿ ತಯಾರಿಸುವ ಕಂಪನಿ ನಡೆಸಿದರು. ಮಗನಿಗೆ ಓದು ಹತ್ತಲಿಲ್ಲ. ಒಂದು ಶಾಲೆಯಿಂದ ಇನ್ನೊಂದಕ್ಕೆ ಹಾಕಿ ಹಾಕಿ ಕೊನೆಗೆ ಮಿಷಿಗನ್‌ನ ಮಿಲಿಟರಿ ಶಾಲೆಗೆ ಸೇರಿಸಿದರು. 1895ರಲ್ಲಿ ವೆಸ್ಟ್ ಪಾಯಿಂಟ್ ಸೈನಿಕ ಅಕಾಡೆಮಿಯ ಪ್ರವೇಶ ಪರೀಕ್ಷೆ ಬರೆದು ಫೇಲಾದರು. ಸರಿ, ಅಧಿಕಾರಿ ಆಗದಿದ್ದರೇನು ಅಂತ ಮರುವರ್ಷ ಸಾಮಾನ್ಯ ಸಿಪಾಯಿಯಾಗಿ ಏಳನೇ ಅಶ್ವದಳ ಸೇರಿ ಅರಿಜೋನಾದ ಫೋರ್ಟ್ ಗ್ರಾಂಟ್‌ಗೆ ಹೋದರು. ಸುತ್ತ ಮರಳುಗಾಡು, ಕೆಂಪು ಬಂಡೆ, ಬಿಸಿಲು, ಧೂಳು. 1897ರಲ್ಲಿ ಹೃದಯದ ತೊಂದರೆ ಇದೆ ಅಂತ ಸೈನ್ಯದಿಂದ ಕಳಿಸಿಬಿಟ್ಟರು. ಆ ಒಣ ಅರಿಜೋನಾ ಮಾತ್ರ ಅವರ ತಲೆಯಿಂದ ಹೋಗಲಿಲ್ಲ. ಅದು ಮುಂದೆ ಮಂಗಳ ಗ್ರಹ ಆಯ್ತು ಅಂತ ಕಥೆ ಓದಿದವರಿಗೆ ಅನ್ನಿಸದೆ ಇರಲ್ಲ.

1900ರ ಜನವರಿಯಲ್ಲಿ ಎಮ್ಮಾ ಹಲ್ಬರ್ಟ್ ಅವರನ್ನು ಮದುವೆಯಾದರು. ಶಿಕಾಗೋದ ಬ್ರೌನ್ ಸ್ಕೂಲ್‌ನಲ್ಲಿ ಜೊತೆಗೆ ಓದಿದವರು, ಹೋಟೆಲ್ ಮಾಲೀಕರ ಮಗಳು. ಅನುಕೂಲಸ್ಥರ ಮನೆಯಿಂದ ಬಂದ ಎಮ್ಮಾಗೆ ಮುಂದಿನ ಹತ್ತು ವರ್ಷ ಸುಲಭ ಇರಲಿಲ್ಲ. ಬರೋಸ್ ಅಪ್ಪನ ಬ್ಯಾಟರಿ ಕಂಪನಿಯಲ್ಲಿ ದುಡಿದರು. ಅಣ್ಣಂದಿರ ಜೊತೆ ಐಡಹೋದಲ್ಲಿ ನದಿ ಮರಳಿನಿಂದ ಚಿನ್ನ ತೆಗೆಯೋಕೆ ಹೋದರು, ಅದು ಮುಳುಗಿತು. ಸಾಲ್ಟ್ ಲೇಕ್ ಸಿಟಿಯಲ್ಲಿ ರೈಲ್ವೆ ಪೊಲೀಸ್ ಆದರು. ಅದನ್ನೂ ಬಿಟ್ಟು ಶಿಕಾಗೋಗೆ ಬಂದರು. ಅಲ್ಲಿ ದೊಡ್ಡ ಕಂಪನಿಯೊಂದರಲ್ಲಿ ಒಳ್ಳೆ ಕೆಲಸ ಸಿಕ್ಕಿತ್ತು, ಸ್ವಂತ ಬಿಸಿನೆಸ್ ಮಾಡ್ತೀನಿ ಅಂತ ಅದನ್ನೂ ಬಿಟ್ಟರು. ಬಿಸಿನೆಸ್ ನಿಲ್ಲಲಿಲ್ಲ. ಎರಡು ಮಕ್ಕಳಾಗಿದ್ದವು. ಊಟದ ಖರ್ಚಿಗೆ ಎಮ್ಮಾರ ಒಡವೆ, ತಮ್ಮ ವಾಚು ಗಿರವಿ ಇಡೋ ಸ್ಥಿತಿ ಬಂತು. ಪ್ಲೇಸ್‌ಮೆಂಟ್ ಆಗಿಲ್ಲ ಅಂತ ಇಪ್ಪತ್ತೊಂದಕ್ಕೇ ಜೀವನ ಮುಗೀತು ಅಂದ್ಕೊಳ್ಳೋ ನಮ್ಮಂಥವರು ಈ ಭಾಗವನ್ನು ಎರಡು ಸಲ ಓದಬೇಕು.

1911ರಲ್ಲಿ ಅವರಿಗೆ ಮೂವತ್ತೈದು ವಯಸ್ಸು. ಪೆನ್ಸಿಲ್ ಶಾರ್ಪನರ್ ಮಾರಿಸುವ ಏಜೆನ್ಸಿ ಹಿಡಿದಿದ್ದರು. ಶಾಲೆಯಲ್ಲಿ ನಾವು ಮೆಂಡರ್ ಅಂತಿದ್ವಲ್ಲ, ಅದೇ. ಹುಡುಗರನ್ನು ಊರ ಮೇಲೆ ಮಾರೋಕೆ ಕಳಿಸಿ ತಾವು ಆಫೀಸಿನಲ್ಲಿ ಖಾಲಿ ಕೂತಿರುತ್ತಿದ್ದರು. ಆಗ ಅಗ್ಗದ ಕಾಗದದಲ್ಲಿ ಅಚ್ಚಾಗುತ್ತಿದ್ದ ಪಲ್ಪ್ ಮ್ಯಾಗಜೀನ್‌ಗಳ ಕಾಲ. ಅದರಲ್ಲಿ ಬರೋ ಕಥೆಗಳನ್ನು ಓದಿ, ಇಂಥದ್ದಕ್ಕೆಲ್ಲ ದುಡ್ಡು ಕೊಡ್ತಾರೆ ಅಂದ್ರೆ ನಾನೂ ಬರೀಬಹುದು ಅಂತ ಅವರಿಗೆ ಅನ್ನಿಸಿತು. ಮುಚ್ಚಿಹೋದ ಬಿಸಿನೆಸ್‌ನ ಉಳಿದ ಲೆಟರ್‌ಹೆಡ್‌ಗಳ ಹಿಂಬದಿಯಲ್ಲಿ ಬರೆಯೋಕೆ ಕೂತರು. ಮೈಕೈ ಗಟ್ಟಿ ಇರೋ ಗಂಡಸು ಇಂಥ ಕನಸಿನ ಕಥೆ ಬರೀತಾನೆ ಅಂತ ಜನ ಏನಂತಾರೋ ಅನ್ನೋ ನಾಚಿಕೆ ಬೇರೆ. ಅದಕ್ಕೇ ತಲೆ ಸರಿ ಇದೆ ಅನ್ನೋ ಅರ್ಥ ಬರೋ ಹಾಗೆ ನಾರ್ಮಲ್ ಬೀನ್ ಅಂತ ಗುಪ್ತ ಹೆಸರು ಇಟ್ಟುಕೊಂಡರು. ಅಚ್ಚಿನ ಮನೆಯವರು ಅದನ್ನು ತಪ್ಪು ಅಂದ್ಕೊಂಡು ನಾರ್ಮನ್ ಅಂತ ತಿದ್ದಿಬಿಟ್ಟರು! ಆಲ್ ಸ್ಟೋರಿ ಪತ್ರಿಕೆ 400 ಡಾಲರ್ ಕೊಟ್ಟು, 1912ರ ಫೆಬ್ರವರಿಯಿಂದ ಜುಲೈವರೆಗೆ ಧಾರಾವಾಹಿಯಾಗಿ ಪ್ರಕಟಿಸಿತು. 1917ರಲ್ಲಿ ಪುಸ್ತಕ ಆದಾಗ ಅದಕ್ಕೆ ಎ ಪ್ರಿನ್ಸೆಸ್ ಆಫ್ ಮಾರ್ಸ್ ಅಂತ ಹೆಸರಾಯ್ತು.

ಆ ಕಾಲದ ವಿಜ್ಞಾನ ಸ್ವಲ್ಪ ಹೇಳಬೇಕು. 1877ರಲ್ಲಿ ಇಟಲಿಯ ಷಿಯಾಪರೆಲ್ಲಿ ಟೆಲಿಸ್ಕೋಪ್‌ನಲ್ಲಿ ಮಂಗಳದ ಮೇಲೆ ಗೆರೆಗಳನ್ನು ಕಂಡರು. ಅವರು ಬಳಸಿದ ಇಟಾಲಿಯನ್ ಪದ ಇಂಗ್ಲಿಷ್‌ಗೆ ಹೋಗುವಾಗ ಕಾಲುವೆ ಅಂತ ಆಯ್ತು. ಅಮೆರಿಕದ ಪರ್ಸಿವಲ್ ಲೋವೆಲ್ ಅರಿಜೋನಾದಲ್ಲೇ ವೀಕ್ಷಣಾಲಯ ಕಟ್ಟಿ, ಒಣಗುತ್ತಿರುವ ಗ್ರಹದಲ್ಲಿ ಧ್ರುವದ ನೀರನ್ನು ಊರಿಗೆ ತರೋಕೆ ಅಲ್ಲಿನ ಜನ ಕಾಲುವೆ ತೋಡಿದ್ದಾರೆ ಅಂತ ಪುಸ್ತಕಗಳನ್ನೇ ಬರೆದರು. ಸಾಯುತ್ತಿರೋ ಗ್ರಹ, ಬದುಕೋಕೆ ಒದ್ದಾಡೋ ಜನ: ಈ ಕಲ್ಪನೆ ಎಲ್ಲರ ಬಾಯಲ್ಲೂ ಇತ್ತು. ಬರೋಸ್ ಮಾಡಿದ ಹೊಸ ಕೆಲಸ ಏನು ಅಂದ್ರೆ, ಆ ಗ್ರಹದ ಸಾವು ಬದುಕಿಗೂ ಒಂದು ಪ್ರೀತಿಯ ಸಾವು ಬದುಕಿಗೂ ಗಂಟು ಹಾಕಿದ್ದು.

ಕಥೆ ಚಿಕ್ಕದಾಗಿ ಹೇಳ್ತೀವಿ. ಜಾನ್ ಕಾರ್ಟರ್ ಅನ್ನೋ ಸೈನಿಕ ಅರಿಜೋನಾದ ಗುಹೆಯೊಂದರಲ್ಲಿ ಪ್ರಜ್ಞೆ ತಪ್ಪಿ ಮಂಗಳದಲ್ಲಿ ಕಣ್ಣು ಬಿಡುತ್ತಾನೆ. ಅಲ್ಲಿ ಗುರುತ್ವ ಕಮ್ಮಿ, ನಮ್ಮ ಭೂಮಿಯ ಸುಮಾರು 38 ಪರ್ಸೆಂಟ್. ಒಂದು ಹೆಜ್ಜೆ ಇಡೋಕೆ ಹೋದರೆ ಎಗರಿ ಬೀಳ್ತಾನೆ, ಆಮೇಲೆ ಅದೇ ಅವನ ಶಕ್ತಿ ಆಗುತ್ತೆ. ನಾಲ್ಕು ಕೈಯ ಹಸಿರು ಜನ ಅವನನ್ನು ಹಿಡೀತಾರೆ. ಅದೇ ಜನರ ಕೈಗೆ ಹೀಲಿಯಂ ನಗರದ ರಾಜಕುಮಾರಿ ದೇಜಾ ಥೋರಿಸ್ ಸಿಕ್ಕಿಬೀಳುತ್ತಾಳೆ. ಅವಳೇನು ವಿಹಾರಕ್ಕೆ ಹೊರಟವಳಲ್ಲ, ಗಾಳಿಯ ಪ್ರವಾಹ ಮತ್ತು ಸಾಂದ್ರತೆ ಅಳೆಯೋಕೆ ಹೊರಟಿದ್ದ ಸಂಶೋಧನಾ ತಂಡದ ಹಡಗಿನಲ್ಲಿದ್ದವಳು. ಗಾಳಿ ಕಮ್ಮಿಯಾಗುತ್ತಿರೋ ಗ್ರಹ ಅಲ್ವಾ, ಆ ಅಳತೆ ಇಲ್ಲದಿದ್ದರೆ ಯಾರೂ ಉಳಿಯಲ್ಲ.

ಇಬ್ಬರ ನಡುವೆ ಜಗಳ ಬರೋದೂ ಚೆನ್ನಾಗಿದೆ. ಅವಳಿಗಾಗಿ ಹೋರಾಡಿದ ಮೇಲೆ ಕಾರ್ಟರ್ ಪ್ರೀತಿಯಿಂದ ಅವಳನ್ನು ತನ್ನ ರಾಜಕುಮಾರಿ ಅಂತ ಕರೀತಾನೆ. ಅಲ್ಲಿನ ಪದ್ಧತಿ ಪ್ರಕಾರ ಹಾಗೆ ಕರೆದವನು ಮದುವೆಗೆ ಕೇಳಬೇಕು, ಕೇಳದೆ ಸುಮ್ಮನಿದ್ದರೆ ಅವಮಾನ. ಅವನಿಗೆ ಅದು ಗೊತ್ತಿಲ್ಲ. ಅವಳು ಮಾತು ಬಿಡ್ತಾಳೆ, ಇವನಿಗೆ ಯಾಕೆ ಅಂತ ಅರ್ಥ ಆಗಲ್ಲ. ಬೇರೆ ಗ್ರಹಕ್ಕೆ ಹೋದರೆ ಪ್ರೀತಿಯ ಭಾಷೆಯೂ ಬೇರೆ ಇರುತ್ತೆ ಅನ್ನೋದನ್ನ ಬರೋಸ್ ಭಾಷಣ ಮಾಡದೆ ತೋರಿಸಿದರು.

ನಮಗೆ ಇನ್ನೂ ಹಿಡಿಸಿದ್ದು ಸೋಲಾಳ ಕಥೆ. ಹಸಿರು ಜನರಲ್ಲಿ ಮೊಟ್ಟೆಗಳನ್ನು ಮರುಭೂಮಿಯ ಇನ್‌ಕ್ಯುಬೇಟರ್‌ನಲ್ಲಿ ಐದು ವರ್ಷ ಇಡ್ತಾರೆ. ಮರಿಗಳು ಹೊರಬಂದಾಗ ಯಾರ ಮಗು ಯಾರಿಗೆ ಸಿಕ್ಕುತ್ತೋ ಗೊತ್ತಿಲ್ಲ. ಅಪ್ಪ ಅಮ್ಮ ಅನ್ನೋದೇ ಇಲ್ಲ, ಪ್ರೀತಿ ಅಂದ್ರೆ ನಗೋ ವಿಷಯ. ಅಂಥ ಕಡೆ ಒಬ್ಬಳು ಕದ್ದು ಪ್ರೀತಿಸಿ, ತನ್ನ ಮೊಟ್ಟೆಯನ್ನು ಬಚ್ಚಿಟ್ಟು, ಮಗಳನ್ನು ಗುಟ್ಟಾಗಿ ಬೆಳೆಸ್ತಾಳೆ. ಗುಟ್ಟು ರಟ್ಟಾಗಿ ಜೀವ ಕಳ್ಕೋತಾಳೆ, ಆದರೆ ಮಗುವಿನ ತಂದೆಯ ಹೆಸರು ಬಿಟ್ಟುಕೊಡಲ್ಲ. ಆ ತಂದೆ ಕಾರ್ಟರ್‌ನ ಗೆಳೆಯ, ಯೋಧ ತಾರ್ಸ್ ತರ್ಕಸ್. ಮಗಳು ಸೋಲಾ. ಇನ್‌ಕ್ಯುಬೇಟರ್ ಅನ್ನೋ ಒಂದು ಯಂತ್ರ ಇಡೀ ಸಮಾಜವನ್ನು ಹೇಗೆ ಕಲ್ಲು ಮಾಡಬಹುದು ಅನ್ನೋ ಯೋಚನೆ ಇದು. ಆ ತಾಯಿಯ ಪ್ರೀತಿ ಇಲ್ಲದಿದ್ದರೆ ನಾವು ಅದನ್ನು ಬರೀ ವಿಚಿತ್ರ ಪದ್ಧತಿ ಅಂತ ಓದಿ ಪುಟ ತಿರುಗಿಸ್ತಿದ್ವಿ.

ಕೊನೆಯಲ್ಲಿ ಗ್ರಹಕ್ಕೆಲ್ಲ ಗಾಳಿ ತಯಾರಿಸೋ ಫ್ಯಾಕ್ಟರಿ ನಿಂತುಹೋಗುತ್ತೆ. ಅದರ ಬಾಗಿಲುಗಳು ಮನಸ್ಸಿನ ಸಂಕೇತದಿಂದ ಮಾತ್ರ ತೆರೆಯೋದು, ಒಂಥರಾ ಪಾಸ್‌ವರ್ಡ್. ಕಾರ್ಟರ್ ಮತ್ತು ದೇಜಾ ಥೋರಿಸ್ ಮದುವೆಯಾಗಿ ವರ್ಷಗಳಾಗಿವೆ, ಅವರ ಮಗು ಇನ್ನೂ ಮೊಟ್ಟೆಯೊಳಗಿದೆ. ಹೆಂಡತಿಯ ಪಕ್ಕದಲ್ಲಿ ಸಾವಿಗೆ ಕಾಯ್ತಾ ಇರುವಾಗ ಅವನಿಗೆ ಆ ಮರೆತ ಸಂಕೇತ ನೆನಪಾಗುತ್ತೆ. ಓಡಿ ಹೋಗಿ ಬಾಗಿಲು ತೆರೆಸಿ ಉಸಿರು ಕಟ್ಟಿ ಬೀಳ್ತಾನೆ. ಎದ್ದಾಗ ಭೂಮಿಯಲ್ಲಿ, ಅದೇ ಗುಹೆಯಲ್ಲಿ. ಪಂಪ್‌ಗಳು ಶುರುವಾದವಾ, ಅವಳು ಬದುಕಿದಳಾ, ಗೊತ್ತಿಲ್ಲ. ಹತ್ತು ವರ್ಷ ರಾತ್ರಿ ಆಕಾಶದಲ್ಲಿ ಆ ಕೆಂಪು ಚುಕ್ಕೆ ನೋಡ್ತಾ ಕೂರ್ತಾನೆ.

ಇಲ್ಲೇ ನಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿತು. ಇಲ್ಲಿ ವಿಜ್ಞಾನದ ಸಮಸ್ಯೆ ಬೇರೆ, ಪ್ರೀತಿಯ ಸಮಸ್ಯೆ ಬೇರೆ ಅಂತ ಇಲ್ಲ. ಫ್ಯಾಕ್ಟರಿ ನಡೆದರೆ ಅವಳು ಬದುಕ್ತಾಳೆ, ನಿಂತರೆ ಇಲ್ಲ. ಎರಡು ಗೇರ್‌ಗಳ ಹಲ್ಲು ಒಂದಕ್ಕೊಂದು ಕೂತ ಹಾಗೆ. ಒಂದನ್ನು ತೆಗೆದರೆ ಇನ್ನೊಂದು ತಿರುಗಲ್ಲ. ಸಿನಿಮಾ ಮಧ್ಯೆ ಸುಮ್ಮನೆ ಬರೋ ಡ್ಯುಯೆಟ್ ಹಾಡಿನ ಥರ ಪ್ರೀತಿಯನ್ನು ಸೇರಿಸಿದರೆ ಕಥೆ ನಿಲ್ಲುತ್ತೆ. ನಾವು ಕಿತ್ತು ಹಾಕಿದ್ದು ಅಂಥ ಹಾಡನ್ನೇ, ಅದು ತಪ್ಪಲ್ಲ. ಅದರ ಜಾಗಕ್ಕೆ ಗೇರ್ ಕೂರಿಸದೆ ಇದ್ದಿದ್ದು ತಪ್ಪು.

ಎರಡನೇ ಮಂಗಳ ಕಾದಂಬರಿಯಲ್ಲೂ ಇದೇ ಜಾಣತನ ಇದೆ. ದೇಜಾ ಥೋರಿಸ್ ಬಂದಿಯಾಗಿರೋ ಗುಡಿಯೇ ನಿಧಾನವಾಗಿ ತಿರುಗೋ ಯಂತ್ರ. ಅವಳ ಕೋಣೆಯ ಬಾಗಿಲು ವರ್ಷಕ್ಕೊಮ್ಮೆ ಮಾತ್ರ ದಾರಿಗೆ ಎದುರಾಗುತ್ತೆ. ಮಂಗಳದ ವರ್ಷ ಅಂದ್ರೆ ನಮ್ಮ 687 ದಿನ. ಒಳಗೆ ಒಬ್ಬಳು ಚಾಕು ಎತ್ತಿರುವಾಗಲೇ ಬಾಗಿಲು ಮುಚ್ಚಿ, ಕಾದಂಬರಿಯೂ ಅಲ್ಲಿಗೇ ಮುಗಿಯುತ್ತೆ.

1912ರ ಅಕ್ಟೋಬರ್‌ನಲ್ಲಿ ಅದೇ ಪತ್ರಿಕೆಯಲ್ಲಿ ಟಾರ್ಜನ್ ಬಂತು, 700 ಡಾಲರ್‌ಗೆ. ಅದರ ಕೊನೆಯೂ ಪ್ರೀತಿಯದ್ದೇ. ಆಗಿನ ಹೊಸ ವಿಜ್ಞಾನವಾದ ಬೆರಳಚ್ಚಿನಿಂದ ಟಾರ್ಜನ್ ಶ್ರೀಮಂತ ಮನೆತನದ ವಾರಸುದಾರ ಅಂತ ಸಾಬೀತಾಗುತ್ತೆ. ಹೇಳಿಕೊಂಡರೆ ಆಸ್ತಿಯೂ ಅವನದೇ. ಆದರೆ ಜೇನ್ ಆಗಲೇ ಆ ಆಸ್ತಿ ಅನುಭವಿಸುತ್ತಿರೋ ಬೇರೊಬ್ಬನಿಗೆ ಮಾತು ಕೊಟ್ಟಿದ್ದಾಳೆ. ಟಾರ್ಜನ್ ಸತ್ಯ ಮುಚ್ಚಿಟ್ಟು ಹೊರಟುಹೋಗ್ತಾನೆ.

ಆಮೇಲೆ ಹಣ, ಹೆಸರು ಎರಡೂ ಬಂತು. 1919ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ದೊಡ್ಡ ಜಮೀನು ಕೊಂಡು ಟಾರ್ಜಾನಾ ಅಂತ ಹೆಸರಿಟ್ಟರು, ಇವತ್ತು ಅದು ಒಂದು ಊರು. 1923ರಲ್ಲಿ ತಮ್ಮ ಹೆಸರಲ್ಲೇ ಕಂಪನಿ ಮಾಡಿದರು.

ಹೊಗಳಿಕೆ ಮಾತ್ರ ಬರೆದರೆ ಮೋಸ ಆಗುತ್ತೆ. ಬರೋಸ್ ಆಫ್ರಿಕಾ ನೋಡಲೇ ಇಲ್ಲ, ಅಲ್ಲಿನ ಜನರನ್ನು ಚಿತ್ರಿಸಿದ ರೀತಿಯಲ್ಲಿ ವರ್ಣಭೇದ ಎದ್ದು ಕಾಣುತ್ತೆ. ಕಾರ್ಟರ್ ಕೂಡ ಗುಲಾಮಗಿರಿ ಉಳಿಸಿಕೊಳ್ಳೋಕೆ ಹೋರಾಡಿದ ದಕ್ಷಿಣದ ಸೈನ್ಯದ ಕ್ಯಾಪ್ಟನ್. ಇನ್ನು ನಾಯಕಿಯರನ್ನು ಪುಸ್ತಕ ಪುಸ್ತಕದಲ್ಲೂ ಯಾರೋ ಎತ್ಕೊಂಡು ಹೋಗ್ತಾರೆ, ನಾಯಕ ಬಿಡಿಸ್ಕೊಂಡು ಬರ್ತಾನೆ. ಗಾಳಿ ಅಳೆಯೋಕೆ ಹೊರಟಿದ್ದ ದೇಜಾ ಥೋರಿಸ್ ಆಮೇಲಾಮೇಲೆ ಕಾಯುವವಳಾಗಿಯೇ ಉಳಿದಳು. ಗೇರ್ ಕೂಡ ಎಣ್ಣೆ ಹಾಕದಿದ್ದರೆ ಸವೆಯುತ್ತೆ.

ಅವರ ಸ್ವಂತ ಜೀವನವೂ ಕಥೆಯಂತಿರಲಿಲ್ಲ. ಒಡವೆ ಗಿರವಿ ಇಟ್ಟ ಕಾಲದಲ್ಲಿ ಜೊತೆಗಿದ್ದ ಎಮ್ಮಾ ಅವರಿಂದ 1934ರಲ್ಲಿ ವಿಚ್ಛೇದನ ಪಡೆದರು. ಮರುವರ್ಷ ಫ್ಲಾರೆನ್ಸ್ ಗಿಲ್ಬರ್ಟ್ ಅವರನ್ನು ಮದುವೆಯಾದರು, ಅದೂ 1942ರಲ್ಲಿ ಮುರಿಯಿತು. 1944ರಲ್ಲಿ ಎಮ್ಮಾ ತೀರಿಕೊಂಡರು. ಹತ್ತು ವರ್ಷ ಆಕಾಶ ನೋಡ್ತಾ ಕಾಯೋ ಗಂಡನನ್ನು ಸೃಷ್ಟಿಸಿದವರು ತಾವು ಹಾಗಿರೋಕೆ ಆಗಲಿಲ್ಲ. ಇದನ್ನು ಓದಿದ ರಾತ್ರಿ ನಮ್ಮ ರೂಮಿನಲ್ಲಿ ಜಗಳವೇ ಆಯ್ತು. ಒಬ್ಬ ಅವರನ್ನು ಸುಳ್ಳುಗಾರ ಅಂದ. ಇನ್ನೊಬ್ಬ, ತನ್ನ ಕೈಲಿ ಆಗದ್ದನ್ನೇ ಮನುಷ್ಯ ಕಥೆಯಲ್ಲಿ ಬರೆಯೋದು ಅಂದ. ನಾವು ಇನ್ನೂ ತೀರ್ಮಾನಕ್ಕೆ ಬಂದಿಲ್ಲ.

1941ರ ಡಿಸೆಂಬರ್‌ನಲ್ಲಿ ಪರ್ಲ್ ಹಾರ್ಬರ್ ಮೇಲೆ ದಾಳಿಯಾದಾಗ ಬರೋಸ್ ಹವಾಯಿಯಲ್ಲೇ ಇದ್ದರು. ಅರವತ್ತಾರನೇ ವಯಸ್ಸಿನಲ್ಲಿ ಯುದ್ಧ ವರದಿಗಾರರಾದರು. 1950ರ ಮಾರ್ಚ್ 19ರಂದು ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡರು. ಅವರ ಬೂದಿಯನ್ನು ಟಾರ್ಜಾನಾದಲ್ಲಿ ಅವರ ಆಫೀಸಿನ ಮುಂದಿನ ಮರದಡಿ ಹೂಳಿದ್ದಾರೆ.

ಖಗೋಳ ವಿಜ್ಞಾನಿ ಕಾರ್ಲ್ ಸೇಗನ್ ಚಿಕ್ಕವರಿದ್ದಾಗ ಕಾರ್ಟರ್‌ನ ಕಥೆ ಓದಿ, ಬಯಲಿನಲ್ಲಿ ನಿಂತು ಕೈ ಚಾಚಿ ತನ್ನನ್ನೂ ಮಂಗಳಕ್ಕೆ ಕರ್ಕೊಂಡು ಹೋಗು ಅಂತ ಬೇಡಿಕೊಳ್ತಿದ್ದರಂತೆ. ದೊಡ್ಡವರಾದ ಮೇಲೆ ನಿಜವಾದ ಮಂಗಳ ನೌಕೆಗಳ ಕೆಲಸ ಮಾಡಿದರು. 1965ರಲ್ಲಿ ಮ್ಯಾರಿನರ್ 4 ನೌಕೆ ಕಳಿಸಿದ ಫೋಟೋಗಳಲ್ಲಿ ಕಾಲುವೆ ಇರಲಿಲ್ಲ, ರಾಜಕುಮಾರಿಯೂ ಇರಲಿಲ್ಲ. ಇದ್ದಿದ್ದು ಬರೀ ಕುಳಿಗಳು. ಲೋವೆಲ್ ಹೇಳಿದ್ದು ಸುಳ್ಳಾಯ್ತು, ಬರೋಸ್ ಬರೆದ ಗ್ರಹವೂ ಇಲ್ಲ ಅಂತ ಆಯ್ತು. ಆದರೂ ಅಲ್ಲಿನ ಒಂದು ಕುಳಿಗೆ ವಿಜ್ಞಾನಿಗಳು ಬರೋಸ್ ಅಂತ ಹೆಸರಿಟ್ಟಿದ್ದಾರೆ. ಕಥೆಯ ವಿಜ್ಞಾನ ತಪ್ಪಾದ ಮೇಲೂ ಆ ಕಥೆ ಉಳೀತು. ಉಳಿಸಿದ್ದು ಯಾವುದು ಅಂತ ಈಗ ನಮಗೆ ಅನುಮಾನ ಇಲ್ಲ.

ನಮ್ಮ ಕಥೆಯನ್ನು ಮತ್ತೆ ಬರೀತಾ ಇದ್ದೀವಿ. ಈ ಸಲ ಅವಳು ವಾಪಸ್ ಬಂದಿದ್ದಾಳೆ. ರಿಯಾಕ್ಟರ್ ಕೀ ಅವಳ ಕೈಲಿದೆ.